ದಾಕ್ಷಿಣ್ಯವೂ ಧೈರ್ಯವೂ

ನಮ್ಮ ಮಾತುಕತೆಯಲ್ಲಿ ದಾಕ್ಷಿಣ್ಯ ಎಂಬ ಪದಕ್ಕೆ ಒಳ್ಳೆಯ ಹೆಸರಿದೆ. ‘ಪಾಪ, ಬಹಳ ದಾಕ್ಷಿಣ್ಯದ ಮನುಷ್ಯ’ ಎಂದು ಯಾರನ್ನಾದರೂ ಕುರಿತು ಹೇಳಿದರೆ ಅದು ಹೊಗಳಿಕೆಯೇ. ಎದುರಿಗಿರುವವರ ಮುಖ ಮುರಿಯುವಂತೆ ಮಾತನಾಡಬಾರದು, ನಾಲ್ಕು ಜನ ಕೂಡಿ ಬಾಳುವ ಕಡೆ ಒರಟಾಗಿ ನಡೆದುಕೊಳ್ಳಬಾರದು ಎಂಬುದು ನಾವು ಚಿಕ್ಕಂದಿನಿಂದ ಕಲಿತ ಪಾಠ. ಆದರೆ ಗಾದೆ ಕಟ್ಟಿದ ನಮ್ಮ ಹಿರಿಯರು ಈ ಗುಣವನ್ನು ಅಷ್ಟಾಗಿ ನಂಬಿದಂತೆ ಕಾಣುವುದಿಲ್ಲ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೆ ತಾವಿಲ್ಲ ಎಂದುಬಿಟ್ಟರು. ಒಂದು ಗಳಿಗೆಯ ಮುಖದಾಕ್ಷಿಣ್ಯಕ್ಕೆ ಆಮೇಲೆ ಯಾರು ಬೆಲೆ ತೆರಬೇಕಾಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

ಈ ಗಾದೆ ನನ್ನನ್ನು ಚುಚ್ಚುವಂಥ ಪ್ರಸಂಗವೊಂದು ಈಚೆಗೆ ನಡೆಯಿತು. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಬ್ಯಾಂಕಿನಲ್ಲಿ ಕೆಲಸದಲ್ಲಿರುವವನು, ನಮ್ಮ ಊರಿಗೆ ವರ್ಗವಾಗಿ ಬಂದ. ಬಾಡಿಗೆಗೆ ಮನೆ ಬೇಕಾಗಿತ್ತು. ನಮ್ಮ ಬೀದಿಯ ತುದಿಯಲ್ಲಿ ಒಂದು ಮನೆ ಖಾಲಿ ಇತ್ತು. ಅದರ ಯಜಮಾನರು ನನಗೆ ಇಪ್ಪತ್ತು ವರ್ಷದ ಸ್ನೇಹಿತರು; ಬೆಳಗಿನ ತಿರುಗಾಟದಲ್ಲಿ ಜೊತೆಗಾರರು; ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ನಿದ್ದೆಗೆಟ್ಟವರು. ಹುಡುಗನನ್ನು ಕರೆದುಕೊಂಡು ಹೋದೆ. ಮನೆ ಅವನಿಗೆ ಒಪ್ಪಿತು. ಬಾಡಿಗೆ, ಮುಂಗಡ ಎಲ್ಲ ಮಾತಾಯಿತು. ಕೊನೆಗೆ ಯಜಮಾನರು ನಗುನಗುತ್ತ, ‘ತಾವು ಯಾವ ಪೈಕಿ?’ ಎಂದು ಕೇಳಿದರು. ಹುಡುಗ ಹೇಳಿದ. ತಡವರಿಸಲಿಲ್ಲ, ಮರೆಸಲಿಲ್ಲ. ಯಜಮಾನರು ಒಂದು ಕ್ಷಣ ಸುಮ್ಮನಿದ್ದು, ‘ಅಯ್ಯೋ, ಮರೆತೇ ಬಿಟ್ಟಿದ್ದೆ ನೋಡಿ, ಮುಂದಿನ ತಿಂಗಳು ನನ್ನ ತಂಗಿಯ ಮಗ ಬರುತ್ತೇನೆಂದು ಬರೆದಿದ್ದಾನೆ’ ಎಂದರು. ಅವರ ತಂಗಿಗೆ ಇಬ್ಬರೂ ಹೆಣ್ಣುಮಕ್ಕಳೆಂಬುದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ಕಾಫಿ ಬಂತು. ಎರಡೇ ಲೋಟ. ನನ್ನ ಮುಂದೆ ಇಟ್ಟದ್ದನ್ನು ನಾನು ಕುಡಿದೆ.

ಆ ರಾತ್ರಿ ನಿದ್ದೆ ಬಾರದೆ ಪುಸ್ತಕದ ಬೀರು ತೆರೆದಾಗ ಕೈಗೆ ಸಿಕ್ಕಿದ್ದು ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’. ಎಷ್ಟೋ ವರ್ಷ ತರಗತಿಯಲ್ಲಿ ಅದನ್ನು ಪಾಠ ಹೇಳಿದ್ದೆ. ನೈತಿಕ ಧೈರ್ಯ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಬರೆಸಿದ್ದೆ. ಈ ಹುಡುಗನೂ ಬರೆದಿದ್ದಿರಬೇಕು. ಈ ಸಲ ಓದಿದಾಗ ಪುಸ್ತಕ ಬೇರೆಯಾಗಿ ಕಂಡಿತು. ಹೇಗೆ ಎಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ಪುಸ್ತಕ 1960ರಲ್ಲಿ ಪ್ರಕಟವಾಯಿತು. ಮರುವರ್ಷವೇ ಅದಕ್ಕೆ ಪುಲಿಟ್ಜರ್ ಬಹುಮಾನ ಬಂತು. 1962ರಲ್ಲಿ ಅದು ಚಲನಚಿತ್ರವಾಗಿ, ವಕೀಲನ ಪಾತ್ರ ವಹಿಸಿದ ಗ್ರೆಗರಿ ಪೆಕ್ ಲೋಕಕ್ಕೆಲ್ಲ ಸತ್ಪುರುಷನ ಮುಖವಾದ. ಲೇಖಕಿ ಅಮೆರಿಕದ ದಕ್ಷಿಣದ ಅಲಬಾಮ ಸಂಸ್ಥಾನದ ಮನ್ರೋವಿಲ್ ಎಂಬ ಸಣ್ಣ ಊರಿನವಳು. ಅವಳ ತಂದೆ ಅಲ್ಲಿ ವಕೀಲ. ಕಥೆ ನಡೆಯುವುದು ಮೇಕೂಂಬ್ ಎಂಬ ಕಲ್ಪನೆಯ ಊರಿನಲ್ಲಿ, 1933ರಿಂದ 1935ರವರೆಗೆ. ಕಥೆ ಹೇಳುವವಳು ಸ್ಕೌಟ್ ಎಂಬ ಹುಡುಗಿ. ಅವಳ ಅಣ್ಣ ಜೆಮ್. ತಾಯಿಯಿಲ್ಲದ ಈ ಮಕ್ಕಳ ತಂದೆ ಅಟಿಕಸ್ ಫಿಂಚ್. ಟಾಮ್ ರಾಬಿನ್‌ಸನ್ ಎಂಬ ಕಪ್ಪು ಕೂಲಿಗಾರನ ಮೇಲೆ ಬಿಳಿಯ ಹುಡುಗಿಯೊಬ್ಬಳನ್ನು ಕೆಡಿಸಿದನೆಂಬ ಸುಳ್ಳು ಆರೋಪ ಬರುತ್ತದೆ. ನ್ಯಾಯಾಧೀಶರು ಅಟಿಕಸ್‌ನನ್ನು ಅವನ ಪರ ವಕೀಲನಾಗಿ ನೇಮಿಸುತ್ತಾರೆ. ಅವನು ಮನಃಪೂರ್ವಕವಾಗಿ ವಾದಿಸುತ್ತಾನೆ, ಸೋಲುತ್ತಾನೆ. ಇಷ್ಟೇ ಕಥೆ.

ತರಗತಿಯಲ್ಲಿ ನಾನು ಹೇಳುತ್ತಿದ್ದುದು ಅಟಿಕಸ್‌ನ ಧೈರ್ಯದ ಮಾತು. ಅದು ತಪ್ಪಲ್ಲ. ಹುಚ್ಚು ನಾಯಿಯೊಂದು ಬೀದಿಗೆ ಬಂದಾಗ ಒಂದೇ ಗುಂಡಿಗೆ ಅದನ್ನು ಕೆಡಹುವ ತಂದೆಯನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಅವನಿಗೋ ಅದನ್ನು ಧೈರ್ಯವೆಂದು ಕರೆಯುವುದಕ್ಕೆ ಇಷ್ಟವಿಲ್ಲ. ಸೋಲು ಖಚಿತವೆಂದು ತಿಳಿದೂ ಕೈ ಹಾಕಿದ ಕೆಲಸವನ್ನು ಕೊನೆ ಮುಟ್ಟಿಸುವುದು ಧೈರ್ಯ ಎಂಬುದು ಅವನ ಲೆಕ್ಕ. ಇದಕ್ಕೆ ಅವನು ಮಕ್ಕಳಿಗೆ ತೋರಿಸುವ ಮಾದರಿ ಯಾರು ಗೊತ್ತೆ? ಅದೇ ಬೀದಿಯ ಮುದುಕಿ ಶ್ರೀಮತಿ ಡುಬೋಸ್. ಅವಳು ಬಹಳ ಕಾಲದಿಂದ ನೋವಿಗಾಗಿ ಮಾರ್ಫಿನ್ ಮದ್ದಿಗೆ ದಾಸಳಾದವಳು. ಸಾಯುವ ಮೊದಲು ಆ ದಾಸ್ಯವನ್ನು ಕಳಚಿಕೊಳ್ಳಬೇಕೆಂದು ಹಟ ಹಿಡಿದು, ನರಳಿ, ಗೆದ್ದು ಸಾಯುತ್ತಾಳೆ.

ಇಲ್ಲಿ ನಾನು ಮೊದಲ ಬಾರಿಗೆ ಎಡವಿದೆ. ಈ ಮುದುಕಿಯೇ ದಿನವೂ ಜಗುಲಿಯ ಮೇಲೆ ಕುಳಿತು, ಕಪ್ಪು ಜನರ ಪರವಾಗಿ ನಿಂತನೆಂದು ಅಟಿಕಸ್‌ನನ್ನು ಅವನ ಮಕ್ಕಳ ಎದುರಿಗೇ ಹೊಲಸು ಮಾತಿನಿಂದ ಬೈಯುತ್ತಿದ್ದವಳು. ಆ ಬೈಗಳನ್ನು ತಾಳಲಾರದೆ ಜೆಮ್ ಅವಳ ತೋಟದ ಹೂಗಿಡಗಳನ್ನು ಕತ್ತರಿಸಿ ಹಾಕುತ್ತಾನೆ. ಅವಳ ಧೈರ್ಯ ನಿಜವಾದದ್ದೇ. ಆದರೆ ಅದು ಅವಳ ಮೈಯ ಎಲ್ಲೆಯೊಳಗೇ ನಿಂತಿತು. ಮಾರ್ಫಿನ್ ಬಿಡಬಲ್ಲವಳಾದಳು, ತಿರಸ್ಕಾರವನ್ನು ಬಿಡಬೇಕೆಂಬ ಯೋಚನೆ ಅವಳಿಗೆ ಬರಲೇ ಇಲ್ಲ. ಸಂಕಟವನ್ನು ಸಹಿಸುವ ಧೈರ್ಯ ಒಂದು. ತಾನು ಹುಟ್ಟಿ ಬೆಳೆದ ಜನ ಒಪ್ಪಿಕೊಂಡ ಅನ್ಯಾಯವನ್ನು ಅನ್ಯಾಯವೆನ್ನುವ ಧೈರ್ಯ ಇನ್ನೊಂದು. ಮೊದಲನೆಯದು ಇದ್ದವರಿಗೆ ಎರಡನೆಯದು ಇದ್ದೇ ಇರುತ್ತದೆಂದು ನಾವು ಭಾವಿಸುತ್ತೇವೆ. ಹಾಗೇನೂ ಇಲ್ಲ. ಭೀಷ್ಮನಿಗಿಂತ ಶೂರರು ಯಾರಿದ್ದರು? ಆದರೂ ಜೂಜಿನ ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಅವನು ಧರ್ಮ ಸೂಕ್ಷ್ಮವೆಂದು ಜಾರಿಕೊಂಡ. ಎದ್ದು ನಿಂತು ಇದು ಅನ್ಯಾಯವೆಂದು ಹೇಳಿದವನು ವಿಕರ್ಣ. ಕೌರವರಲ್ಲೇ ಒಬ್ಬ, ಹೆಸರು ಕೂಡ ನಮಗೆ ಬೇಗ ನೆನಪಾಗದ ತಮ್ಮ.

ಮೇಕೂಂಬಿನಲ್ಲಿ ಕೆಟ್ಟವರು ಕಡಿಮೆ ಎಂಬುದನ್ನು ಗಮನಿಸಬೇಕು. ಆರೋಪ ಹೊರಿಸಿದ ಹುಡುಗಿಯ ತಂದೆ ಬಾಬ್ ಯೂಯೆಲ್ ಒಬ್ಬ ದುಷ್ಟ, ಸರಿ. ಉಳಿದವರು? ಚರ್ಚಿಗೆ ತಪ್ಪದೆ ಹೋಗುವವರು, ನೆರೆಯವರಿಗೆ ಕಾಯಿಲೆಯಾದರೆ ಊಟ ಕಳಿಸುವವರು. ಮಹಿಳಾ ಮಂಡಳಿಯಲ್ಲಿ ಒಬ್ಬಾಕೆ ದೂರದ ಆಫ್ರಿಕದ ಬುಡಕಟ್ಟಿನವರ ಕಷ್ಟ ನೆನೆದು ಕಣ್ಣೀರಿಡುತ್ತಾಳೆ. ಆ ಬಾಯಲ್ಲೇ ತನ್ನ ಮನೆಯ ಕಪ್ಪು ಕೆಲಸದವಳು ಮೊಕದ್ದಮೆಯ ಮಾರನೆಯ ದಿನ ಮುಖ ಸಪ್ಪೆ ಮಾಡಿಕೊಂಡಿದ್ದಳೆಂದು ಗೊಣಗುತ್ತಾಳೆ. ಶಾಲೆಯ ಉಪಾಧ್ಯಾಯಿನಿ ಹಿಟ್ಲರ್ ಯಹೂದಿಗಳನ್ನು ಪೀಡಿಸುವುದನ್ನು ಮಕ್ಕಳ ಮುಂದೆ ಖಂಡಿಸುತ್ತಾಳೆ. ಅವಳೇ ನ್ಯಾಯಾಲಯದ ಮೆಟ್ಟಿಲಿಳಿಯುವಾಗ ಈ ಕಪ್ಪು ಜನಕ್ಕೆ ಬುದ್ಧಿ ಕಲಿಸಬೇಕಾದ್ದೇ ಎಂದದ್ದನ್ನು ಸ್ಕೌಟ್ ಕೇಳಿಸಿಕೊಂಡಿದ್ದಾಳೆ. ದೂರದ ಅನ್ಯಾಯಕ್ಕೆ ಮರುಗುವುದು ಸುಲಭ. ಅಲ್ಲಿ ನಮಗೆ ಪರಿಚಯದವರು ಯಾರೂ ಇಲ್ಲ. ಯಾರ ದಾಕ್ಷಿಣ್ಯವೂ ಇಲ್ಲ. ಅಲಬಾಮದ ಅನ್ಯಾಯವನ್ನು ಕುರಿತು ಇಷ್ಟು ವರ್ಷ ಗಂಟಲು ಬಿಗಿದು ಪಾಠ ಹೇಳಿದ ನನಗೆ ಆ ಮಹಿಳಾ ಮಂಡಳಿಯ ಬಟ್ಟಲು ಕಂಡಾಗ ನನ್ನ ಕಾಫಿಯ ಲೋಟ ನೆನಪಾಯಿತು.

ಅಟಿಕಸ್‌ನ ದೊಡ್ಡತನ ಇರುವುದು ಇಲ್ಲಿ. ಅವನು ಎದುರಿಸಬೇಕಾದದ್ದು ಶತ್ರುಗಳನ್ನಲ್ಲ, ತನ್ನವರನ್ನು. ಮೊಕದ್ದಮೆ ಮುಗಿದ ಮೇಲೂ ಅದೇ ಬೀದಿಯಲ್ಲಿ ನಡೆಯಬೇಕು, ಅದೇ ಜನರ ಆಸ್ತಿಪತ್ರ ಬರೆಯಬೇಕು. ಮಕ್ಕಳಿಗೂ ಅವನು ಹೇಳುವುದು ಅದನ್ನೇ: ಎಷ್ಟೇ ಕಹಿಯಾದರೂ ಇವರು ನಮ್ಮ ಸ್ನೇಹಿತರು, ಇದು ನಮ್ಮ ಊರು. ತನ್ನನ್ನು ಬೈಯುವ ಮುದುಕಿಗೆ ಟೋಪಿ ತೆಗೆದು ವಂದಿಸುತ್ತಾನೆ. ಅವನು ಸೌಜನ್ಯವನ್ನು ಕಡೆಯವರೆಗೂ ಬಿಡಲಿಲ್ಲ. ದಾಕ್ಷಿಣ್ಯವನ್ನು ಮಾತ್ರ ಬಿಟ್ಟ. ಇವೆರಡೂ ಒಂದೇ ಎಂದು ನಾನು ಇಷ್ಟು ಕಾಲ ತಿಳಿದಿದ್ದೆ. ಸೌಜನ್ಯ ಎದುರಿಗಿರುವವನಿಗೆ ನಾವು ಕೊಡುವ ಮರ್ಯಾದೆ. ದಾಕ್ಷಿಣ್ಯ ಅನೇಕ ವೇಳೆ ಎದುರಿಗಿಲ್ಲದ, ಅಥವಾ ಎದುರಿಗಿದ್ದೂ ಬಾಯಿಲ್ಲದ ಮೂರನೆಯವನಿಂದ ಕಿತ್ತು ಕೊಡುವ ಮರ್ಯಾದೆ.

ಆದರೆ ಅಟಿಕಸ್‌ನನ್ನು ದೇವರ ಪೀಠದ ಮೇಲೆ ಕೂರಿಸುವುದಕ್ಕೆ ಒಪ್ಪದವರೂ ಇದ್ದಾರೆ. ಅವರ ಮಾತಿನಲ್ಲೂ ಹುರುಳುಂಟು. ಮನ್ರೋ ಫ್ರೀಡ್‌ಮನ್ ಎಂಬ ಕಾನೂನು ಪ್ರಾಧ್ಯಾಪಕರು 1992ರಲ್ಲಿ ಒಂದು ಲೇಖನ ಬರೆದು, ಈತ ತಾನಾಗಿ ಬಂದವನಲ್ಲ, ನ್ಯಾಯಾಲಯ ನೇಮಿಸಿದ್ದರಿಂದ ಬಂದವನು. ಶಾಸನಸಭೆಯ ಸದಸ್ಯನಾಗಿದ್ದೂ ಕಪ್ಪು ಜನರನ್ನು ಬೇರೆ ಬಾಗಿಲು, ಬೇರೆ ಸಾಲು ಎಂದು ಬೇರ್ಪಡಿಸಿದ ವ್ಯವಸ್ಥೆಯನ್ನು ಬದಲಿಸಲು ಏನು ಮಾಡಿದ ಎಂದು ಕೇಳಿದರು. 2015ರಲ್ಲಿ ಹಾರ್ಪರ್ ಲೀಯ ಇನ್ನೊಂದು ಕಾದಂಬರಿ ಹೊರಬಂತು. ಅದು ಮಾಕಿಂಗ್‌ಬರ್ಡ್‌ಗಿಂತ ಮೊದಲೇ, 1950ರ ದಶಕದಲ್ಲಿ ಬರೆದದ್ದು. ಅದರಲ್ಲಿ ಮುದುಕನಾದ ಅಟಿಕಸ್ ಬಿಳಿಯರ ಮೇಲ್ಮೆಯನ್ನು ಕಾಪಾಡಲು ಕೂಡಿದ ಸಭೆಯಲ್ಲಿ ಕುಳಿತಿರುತ್ತಾನೆ. ಮಗಳು ಅದನ್ನು ಕಂಡು ಕುಸಿಯುತ್ತಾಳೆ. ನನ್ನಂಥ ಅಧ್ಯಾಪಕರು ಎಷ್ಟೋ ಮಂದಿ ಆಗ ಪೆಚ್ಚಾದರು. ನನಗೀಗ ಅನ್ನಿಸುವುದು ಇಷ್ಟು: ಧೈರ್ಯ ಒಂದು ಸಲ ಗಳಿಸಿ ಆಮೇಲೆ ಜೀವಮಾನವಿಡೀ ಬಡ್ಡಿ ತಿನ್ನುವ ಠೇವಣಿಯಲ್ಲ. ಇಂದು ತೋರಿದವನು ನಾಳೆ ತೋರದೆ ಹೋಗಬಹುದು. ಹಾಗೆಂದು ಇಂದಿನದು ಸುಳ್ಳಾಗುವುದಿಲ್ಲ.

ಕಾದಂಬರಿಯ ಹೊರಗಿನ ಅಲಬಾಮದಲ್ಲಿಯೂ ಇಂಥವರಿದ್ದರು. 1931ರಲ್ಲಿ ಆ ಸಂಸ್ಥಾನದ ಸ್ಕಾಟ್ಸ್‌ಬರೋ ಎಂಬಲ್ಲಿ ಒಂಬತ್ತು ಮಂದಿ ಕಪ್ಪು ಹುಡುಗರ ಮೇಲೆ, ರೈಲಿನಲ್ಲಿ ಇಬ್ಬರು ಬಿಳಿಯ ಹೆಂಗಸರನ್ನು ಕೆಡಿಸಿದರೆಂಬ ಆರೋಪ ಬಂತು. ಕೆಲವೇ ದಿನಗಳಲ್ಲಿ ಎಂಟು ಮಂದಿಗೆ ಮರಣದಂಡನೆ ವಿಧಿಸಿದರು. ಮೇಲಿನ ನ್ಯಾಯಾಲಯ ಅದನ್ನು ರದ್ದುಮಾಡಿ ಮರುವಿಚಾರಣೆ ನಡೆದಾಗ, ಆ ಇಬ್ಬರಲ್ಲಿ ಒಬ್ಬಳಾದ ರೂಬಿ ಬೇಟ್ಸ್ ಎದ್ದು ಬಂದು, ಅಂಥದ್ದೇನೂ ನಡೆಯಲಿಲ್ಲವೆಂದು ಸಾಕ್ಷಿ ನುಡಿದಳು. ಆದರೂ ಪಂಚರು ಮೊದಲ ಆರೋಪಿ ಹೇವುಡ್ ಪ್ಯಾಟರ್‌ಸನ್‌ನನ್ನು ಅಪರಾಧಿ ಎಂದರು. ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಸಾಕ್ಷ್ಯವನ್ನೆಲ್ಲ ಮತ್ತೆ ತೂಗಿ ನೋಡಿ, 1933ರ ಜೂನ್ ತಿಂಗಳಲ್ಲಿ ಆ ತೀರ್ಪನ್ನು ತಳ್ಳಿಹಾಕಿದರು. ಅಲ್ಲಿ ನ್ಯಾಯಾಧೀಶರನ್ನು ಜನ ಚುನಾಯಿಸುತ್ತಾರೆ. 1934ರ ಚುನಾವಣೆಯಲ್ಲಿ ಹಾರ್ಟನ್ ಸೋತರು. ಮತ್ತೆ ಆ ಪೀಠದಲ್ಲಿ ಕೂರಲಿಲ್ಲ.

ಹಾರ್ಟನ್ನರು ಪೀಠ ಕಳೆದುಕೊಂಡರು, ನಿಜ. ಆದರೆ ಆ ಹುಡುಗರು ಏನು ಕಳೆದುಕೊಂಡರು? ಬೇರೆ ನ್ಯಾಯಾಧೀಶರು ಬಂದರು, ಮತ್ತೆ ವಿಚಾರಣೆ, ಮತ್ತೆ ಶಿಕ್ಷೆ. ಯಾರೂ ಗಲ್ಲಿಗೇರಲಿಲ್ಲವಾದರೂ ಅವರ ಯೌವನ ಸೆರೆಮನೆಯಲ್ಲಿ ಹೋಯಿತು. ಪ್ಯಾಟರ್‌ಸನ್ ಹೊರಗೆ ಬಂದದ್ದು 1948ರಲ್ಲಿ, ಅದೂ ತಪ್ಪಿಸಿಕೊಂಡು. ಕೊನೆಯ ಮೂವರ ಹೆಸರಿನ ಮೇಲಿದ್ದ ಅಪರಾಧವನ್ನು ಅಲಬಾಮ ಕ್ಷಮಿಸಿದ್ದು 2013ರಲ್ಲಿ. ಆ ವೇಳೆಗೆ ಅವರೆಲ್ಲ ಸತ್ತು ಬಹಳ ವರ್ಷವಾಗಿತ್ತು. ನೆರವಿಗೆ ನಿಂತವನು ತೆತ್ತ ಬೆಲೆಯೂ ಅನ್ಯಾಯಕ್ಕೆ ಗುರಿಯಾದವನು ತೆತ್ತ ಬೆಲೆಯೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕಾದಂಬರಿಗೆ ಹಿಂತಿರುಗಿದರೆ, ಅಲ್ಲಿ ಇಷ್ಟು ದಿನ ನನ್ನ ಕಣ್ಣಿಗೆ ಬೀಳದಿದ್ದ ಧೈರ್ಯವೊಂದು ಕಾಣುತ್ತದೆ. ಅದು ಟಾಮ್ ರಾಬಿನ್‌ಸನ್ನನದು.

ಟಾಮ್ ಇಪ್ಪತ್ತೈದು ವರ್ಷದವನು. ಹೆಂಡತಿ, ಮೂವರು ಮಕ್ಕಳು. ಹುಡುಗನಾಗಿದ್ದಾಗ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಎಡಗೈ ಸತ್ತುಹೋಗಿದೆ. ಹುಡುಗಿಯ ಮುಖದ ಬಲಭಾಗಕ್ಕೆ ಬಿದ್ದ ಪೆಟ್ಟು ಎಡಗೈಯವನದು. ಅವಳ ತಂದೆಯೋ ಎಡಚ. ಕಣ್ಣಿದ್ದವರಿಗೆಲ್ಲ ಸತ್ಯ ಕಾಣುತ್ತದೆ. ಯೂಯೆಲ್‌ನ ಮಗಳು ಮೇಯೆಲ್ಲಾ ಹತ್ತೊಂಬತ್ತರ ಹುಡುಗಿ. ಕುಡುಕ ತಂದೆ, ಏಳು ಮಂದಿ ತಮ್ಮ ತಂಗಿಯರು, ಒಬ್ಬ ಗೆಳತಿಯೂ ಇಲ್ಲ. ಆ ದಾರಿಯಲ್ಲಿ ಕೆಲಸಕ್ಕೆ ಹೋಗಿಬರುತ್ತಿದ್ದ ಟಾಮ್‌ನನ್ನು ಅವಳು ಆಗಾಗ ಕರೆದು ಸೌದೆ ಒಡೆಸುತ್ತಿದ್ದಳು, ನೀರು ಹೊರಿಸುತ್ತಿದ್ದಳು. ಅವನು ಕಾಸು ತೆಗೆದುಕೊಳ್ಳದೆ ಮಾಡುತ್ತಿದ್ದ. ಏಕೆ ಎಂದು ಸರಕಾರಿ ವಕೀಲ ಕೇಳುತ್ತಾನೆ. ಟಾಮ್ ಏನಾದರೂ ಹೇಳಬಹುದಿತ್ತು: ಬಿಳಿಯರು ಕರೆದರೆ ಇಲ್ಲವೆನ್ನಲು ಹೆದರಿಕೆ ಎನ್ನಬಹುದಿತ್ತು, ಆ ಸಭೆಗೆ ಅದು ಹಿತವಾಗಿಯೂ ಇರುತ್ತಿತ್ತು. ಅವನು ಹೇಳಿದ್ದು ನಿಜವನ್ನು: ಅವಳನ್ನು ಕಂಡು ತನಗೆ ಕನಿಕರವಾಯಿತು.

ಇಡೀ ನ್ಯಾಯಾಲಯ ಆ ಮಾತಿಗೆ ಸೆಟೆದು ಕೂರುತ್ತದೆ. ಕಪ್ಪು ಮನುಷ್ಯ ಬಿಳಿಯಳನ್ನು ಕಂಡು ಕನಿಕರಪಡುವುದೆ? ಕನಿಕರ ಮೇಲಿನಿಂದ ಕೆಳಕ್ಕೆ ಹರಿಯಬೇಕಾದ ನೀರು ಎಂಬುದು ಆ ಊರಿನ ಅಲಿಖಿತ ಶಾಸನ. ಟಾಮ್ ಅದನ್ನು ಮುರಿದ. ಅವನಿಗೆ ಮರಣದಂಡನೆಯಾದದ್ದು ಸುಳ್ಳು ಆರೋಪದಿಂದ ಎಷ್ಟೋ ಅಷ್ಟೇ ಈ ಒಂದು ಸತ್ಯದಿಂದ ಎಂದು ನನಗೆ ತೋರುತ್ತದೆ. ಅಟಿಕಸ್ ಸತ್ಯ ಹೇಳಿದಾಗ ಅವನ ಹಿಂದೆ ವಕೀಲಿಯ ಸ್ಥಾನವಿತ್ತು, ಬಿಳಿಯ ಚರ್ಮವಿತ್ತು, ತಲೆಮಾರುಗಳ ಮನೆತನವಿತ್ತು. ಟಾಮ್‌ನ ಹಿಂದೆ ಏನೂ ಇರಲಿಲ್ಲ. ಇಂಥ ಜಾಗದಲ್ಲಿ ನಿಂತು, ತನ್ನ ಮೇಲೆ ಸುಳ್ಳು ಹೇಳುತ್ತಿರುವ ಹುಡುಗಿಯ ಒಂಟಿತನವನ್ನೂ ಬಿಟ್ಟುಕೊಡದೆ ಮಾತನಾಡಿದನಲ್ಲ, ಅದಕ್ಕಿಂತ ಹೆಚ್ಚಿನ ಧೈರ್ಯ ಆ ಪುಸ್ತಕದಲ್ಲಿ ಎಲ್ಲಿದೆ? ಮುವ್ವತ್ತು ವರ್ಷ ಪಾಠ ಹೇಳುತ್ತ ನಾನು ಟಾಮ್‌ನನ್ನು ‘ಬಲಿಯಾದವನು’ ಎಂದು ಮಾತ್ರ ಬರೆಸಿದೆ. ಧೈರ್ಯದ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಧೈರ್ಯವೆಂಬುದು ನಮ್ಮಂಥವರು ತೋರುವುದು, ಅವರಂಥವರು ಅದರ ಫಲ ಪಡೆಯುವುದು ಎಂದು ನಾನೂ ಒಳಗೊಳಗೇ ನಂಬಿದ್ದೆನೇನೋ.

ಟಾಮ್‌ನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮೇಲ್ಮನವಿಯಲ್ಲಿ ಗೆಲ್ಲಬಹುದೆಂದು ಅಟಿಕಸ್ ಭರವಸೆ ಇಟ್ಟುಕೊಂಡಿರುವಾಗಲೇ, ಟಾಮ್ ಸೆರೆಮನೆಯ ಬೇಲಿ ಹತ್ತಿ ಓಡಲು ನೋಡಿ ಹದಿನೇಳು ಗುಂಡು ತಿಂದು ಸಾಯುತ್ತಾನೆ. ಬಿಳಿಯರು ಒದಗಿಸಿಕೊಡುವ ಅವಕಾಶಗಳನ್ನು ಕಾದು ಕಾದು ಅವನಿಗೆ ಸಾಕಾಗಿತ್ತು. ಒಳ್ಳೆಯವರು ತಾಳ್ಮೆಯಿಂದಿರೆಂದು ಹೇಳುವುದು ಅವರಿಗೆ ಕಾಲಾವಕಾಶ ಇರುವುದರಿಂದ ಎಂಬುದನ್ನು ಆ ಬೇಲಿಯ ಬುಡ ನಮಗೆ ಹೇಳುತ್ತದೆ.

ಸಣ್ಣ ಧೈರ್ಯಗಳನ್ನೂ ಹಾರ್ಪರ್ ಲೀ ಮರೆತಿಲ್ಲ. ಮೊಕದ್ದಮೆಗೆ ಮುಂಚಿನ ರಾತ್ರಿ ಜನರ ಗುಂಪು ಟಾಮ್‌ನನ್ನು ಕೊಲ್ಲಲು ಸೆರೆಮನೆಗೆ ಬರುತ್ತದೆ. ಬಾಗಿಲಲ್ಲಿ ಅಟಿಕಸ್ ಒಂದು ದೀಪ ನೇತುಹಾಕಿಕೊಂಡು ಪತ್ರಿಕೆ ಓದುತ್ತ ಕುಳಿತಿದ್ದಾನೆ. ಅಲ್ಲಿಗೆ ನುಗ್ಗಿದ ಸ್ಕೌಟ್, ಗುಂಪಿನಲ್ಲಿ ತನ್ನ ಸಹಪಾಠಿಯ ತಂದೆ ಕನ್ನಿಂಗ್‌ಹ್ಯಾಮ್‌ನನ್ನು ಗುರುತಿಸಿ, ಹೆಸರು ಹಿಡಿದು ಕರೆದು, ಮಗ ಚೆನ್ನಾಗಿದ್ದಾನೆಯೆ ಎಂದು ಕೇಳುತ್ತಾಳೆ. ಗುಂಪು ಕರಗುತ್ತದೆ. ಅವಳಿಗೆ ತಾನು ಧೈರ್ಯ ತೋರಿದೆನೆಂದೇ ಗೊತ್ತಿಲ್ಲ. ಗುಂಪಿನಲ್ಲಿ ಅಡಗಿದವನನ್ನು ಅವನ ಹೆಸರಿನಿಂದ ಕರೆದರೆ ಅವನು ಮತ್ತೆ ಮನುಷ್ಯನಾಗಬೇಕಾಗುತ್ತದೆ. ಆ ರಾತ್ರಿಯೆಲ್ಲ ಮೇಲಿನ ಕಿಟಕಿಯಿಂದ ಕೋವಿ ಹಿಡಿದು ಅಟಿಕಸ್‌ಗೆ ಕಾವಲಿದ್ದವನು ಪತ್ರಿಕೆಯ ಸಂಪಾದಕ ಅಂಡರ್‌ವುಡ್. ಕಪ್ಪು ಜನರನ್ನು ಹತ್ತಿರ ಸೇರಿಸದವನು. ಮನಸ್ಸು ಪೂರ್ತಿ ಶುದ್ಧವಾಗುವವರೆಗೆ ನ್ಯಾಯದ ಕೆಲಸಕ್ಕೆ ಕಾಯಬೇಕಾಗಿಲ್ಲ ಎಂಬುದಕ್ಕೆ ಅವನು ಸಾಕ್ಷಿ. ಟಾಮ್‌ಗೆ ಕೆಲಸ ಕೊಟ್ಟಿದ್ದ ಲಿಂಕ್ ಡೀಸ್ ನ್ಯಾಯಾಲಯದ ನಡುವೆ ಎದ್ದು, ಎಂಟು ವರ್ಷದಲ್ಲಿ ಇವನಿಂದ ನನಗೆ ಒಂದು ತಂಟೆಯೂ ಆಗಿಲ್ಲವೆಂದು ಕೂಗಿ ಹೇಳಿ, ನ್ಯಾಯಾಧೀಶರಿಂದ ಬೈಸಿಕೊಂಡು ಹೊರಕ್ಕೆ ಹೋಗುತ್ತಾನೆ. ಕಾನೂನಿನ ಲೆಕ್ಕದಲ್ಲಿ ಅವನ ಮಾತಿಗೆ ಬೆಲೆಯಿಲ್ಲ. ಆದರೆ ಆ ಸಭೆಯಲ್ಲಿ ಒಬ್ಬನಾದರೂ ತನಗೆ ಗೊತ್ತಿದ್ದದ್ದನ್ನು ಗೊತ್ತಿದೆಯೆಂದ.

ನನ್ನನ್ನು ಹೆಚ್ಚು ಕಾಡಿದವನು ಮಾತ್ರ ಡಾಲ್ಫಸ್ ರೇಮಂಡ್. ಅವನು ಸಿರಿವಂತ ಬಿಳಿಯ. ಕಪ್ಪು ಹೆಂಗಸಿನೊಡನೆ ಸಂಸಾರ ಹೂಡಿದ್ದಾನೆ. ಊರಿನವರೆಲ್ಲ ಅವನನ್ನು ಕುಡುಕನೆಂದು ತಿಳಿದಿದ್ದಾರೆ. ಕಾಗದದ ಚೀಲದಲ್ಲಿ ಸೀಸೆ ಬಚ್ಚಿಟ್ಟು ಹೀರುತ್ತ ತೂರಾಡಿಕೊಂಡು ನಡೆಯುತ್ತಾನೆ. ಸರಕಾರಿ ವಕೀಲ ಟಾಮ್‌ನನ್ನು ಹೀಯಾಳಿಸುವುದನ್ನು ನೋಡಲಾರದೆ ಅಳುತ್ತ ಹೊರಬಂದ ಡಿಲ್ ಎಂಬ ಹುಡುಗನಿಗೆ ಅವನು ಆ ಸೀಸೆ ಕೊಡುತ್ತಾನೆ. ಅದರಲ್ಲಿರುವುದು ಬರಿಯ ಕೋಕಾ-ಕೋಲಾ. ಕುಡಿತದ ಸೋಗು ಏಕೆಂದರೆ, ಅವನು ಹೀಗೆ ಬಾಳುವುದಕ್ಕೆ ಊರಿನವರಿಗೆ ಒಂದು ಕಾರಣ ಬೇಕು. ಕುಡುಕ, ಪಾಪ, ಎಂದು ಅವರು ಸಮಾಧಾನಪಟ್ಟುಕೊಳ್ಳುತ್ತಾರೆ. ಅವನು ತನ್ನ ಮನೆಯೊಳಗೆ ಊರಿನ ಕಟ್ಟನ್ನು ಮುರಿದವನು. ಅಷ್ಟು ಸಣ್ಣ ವಿಷಯವಲ್ಲ. ಆದರೆ ತಾನು ನಂಬಿದ್ದು ಸರಿಯೆಂದು ಬೀದಿಯಲ್ಲಿ ನಿಂತು ಹೇಳಲಾರ. ಊರಿನವರಿಗೆ ಮುಜುಗರವಾಗದಿರಲಿ ಎಂದು ತನ್ನ ಸತ್ಯಕ್ಕೆ ತಾನೇ ಕಾಗದ ಸುತ್ತಿಕೊಂಡಿದ್ದಾನೆ. ನಮ್ಮಲ್ಲಿ ಎಷ್ಟು ಮಂದಿಯ ಉದಾರಭಾವ ಇಂಥ ಕಾಗದದ ಚೀಲದಲ್ಲಿಲ್ಲ? ಪುಸ್ತಕದ ಬೀರುವಿನಲ್ಲಿ ಉದಾರಿಗಳು, ತರಗತಿಯಲ್ಲಿ ಉದಾರಿಗಳು. ಬೀದಿಯ ತುದಿಯ ಮನೆಯಲ್ಲಿ ಮಾತ್ರ ಕಾಫಿ ಕುಡಿದು ಎದ್ದುಬರುವವರು.

ಆ ಊರಿನಲ್ಲಿ ಮಿಸ್ ಮೌಡಿ ಎಂಬ ಒಳ್ಳೆಯ ಹೆಂಗಸಿದ್ದಾಳೆ. ನಮಗೆ ಹಿತವಲ್ಲದ ಕೆಲಸಗಳನ್ನು ನಮ್ಮ ಪರವಾಗಿ ಮಾಡುವುದಕ್ಕೆಂದೇ ಕೆಲವರು ಹುಟ್ಟಿರುತ್ತಾರೆ, ನಿಮ್ಮ ತಂದೆ ಅಂಥವನು ಎಂದು ಅವಳು ಮಕ್ಕಳಿಗೆ ಸಾಂತ್ವನ ಹೇಳುತ್ತಾಳೆ. ಪಾಠ ಹೇಳುವಾಗ ಈ ಮಾತು ನನಗೆ ಹೊಗಳಿಕೆಯಾಗಿ ಕೇಳುತ್ತಿತ್ತು. ಈಗ ಅದರಲ್ಲಿ ನಮ್ಮೆಲ್ಲರ ಅನುಕೂಲ ಕಾಣುತ್ತದೆ. ಒಬ್ಬ ಅಟಿಕಸ್ ಇದ್ದರೆ ಉಳಿದವರು ಮನೆಯಲ್ಲಿ ಕುಳಿತು ಅವನನ್ನು ಮೆಚ್ಚಬಹುದು. ನಾನು ಮೂವತ್ತು ವರ್ಷ ಮಾಡಿದ್ದೂ ಅದನ್ನೇ. ಧೈರ್ಯವನ್ನು ಮೆಚ್ಚುವುದರಲ್ಲಿ ಒಂದು ಮೋಸವಿದೆ: ಮೆಚ್ಚಿದವನಿಗೆ ತಾನೂ ಅದರಲ್ಲಿ ಪಾಲು ಪಡೆದಂತೆ ಆಗುತ್ತದೆ.

ಪುಸ್ತಕ ಮುಗಿಸಿದ ಮೇಲೆ ಎರಡು ದಿನ ಯೋಚಿಸಿ, ಮೂರನೆಯ ದಿನ ಬೆಳಗಿನ ತಿರುಗಾಟದಲ್ಲಿ ನನ್ನ ಸ್ನೇಹಿತರೊಡನೆ ಮಾತು ತೆಗೆದೆ. ‘ನೀವು ಆ ದಿನ ಹೇಳಿದ್ದು ಸರಿಯಲ್ಲ. ನಿಮ್ಮ ತಂಗಿಗೆ ಗಂಡುಮಕ್ಕಳಿಲ್ಲ. ನಾನು ಸುಮ್ಮನಿದ್ದದ್ದೂ ಸರಿಯಲ್ಲ’ ಎಂದೆ. ಎದೆ ಹೊಡೆದುಕೊಳ್ಳುತ್ತಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. ಸ್ವಲ್ಪ ದೂರ ಮಾತಿಲ್ಲದೆ ನಡೆದು, ನಕ್ಕು, ‘ಮೇಷ್ಟ್ರೆ, ಇಷ್ಟು ವರ್ಷದಿಂದ ನಿಮ್ಮ ಮಹಡಿಯ ಮನೆಯಲ್ಲಿ ಯಾರು ಯಾರು ಇದ್ದರು, ಒಂದು ಸಲ ಎಣಿಸಿ ನೋಡಿ’ ಎಂದರು.

ಎಣಿಸಿದೆ. ಐದು ಸಂಸಾರಗಳು ಬಂದುಹೋಗಿವೆ. ಯಾರನ್ನೂ ನಾನು ಪೈಕಿ ಕೇಳಿದವನಲ್ಲ. ಕೇಳಬೇಕಾದ ಪ್ರಸಂಗವೇ ಬಾರದಂತೆ, ಗೊತ್ತಿದ್ದವರ ಮೂಲಕ ಗೊತ್ತಿದ್ದವರಿಗೇ ಕೊಟ್ಟಿದ್ದೆ. ಐದೂ ನಮ್ಮವೇ. ಅಷ್ಟೇ ಅಲ್ಲ, ಆ ಹುಡುಗ ಮನೆ ಬೇಕೆಂದು ಬಂದಾಗ, ಮಹಡಿಯವರು ಇನ್ನಾರು ತಿಂಗಳಲ್ಲಿ ಬಿಡುವವರಿದ್ದಾರೆಂಬುದು ನನಗೆ ತಿಳಿದಿತ್ತು. ಅದನ್ನು ಅವನಿಗೆ ಹೇಳಬೇಕೆಂದು ತೋಚಲೇ ಇಲ್ಲ.

ಅವನು ಈಗ ಊರಿನ ಇನ್ನೊಂದು ಕೊನೆಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದಾನೆ. ಬ್ಯಾಂಕಿಗೆ ಎರಡು ಬಸ್ಸು ಬದಲಾಯಿಸಿ ಬರಬೇಕು. ನಿಲ್ದಾಣದಲ್ಲಿ ಕಂಡಾಗ ಮೊದಲಿನಂತೆಯೇ ಕೈಮುಗಿದು ‘ನಮಸ್ಕಾರ ಸಾರ್’ ಎನ್ನುತ್ತಾನೆ. ಕಳೆದ ವಾರ ಅವನಿಗೆ ಮಹಡಿಯ ವಿಷಯ ಹೇಳಿದೆ. ‘ಯೋಚನೆ ಮಾಡಿ ಹೇಳುತ್ತೇನೆ ಸಾರ್’ ಎಂದ. ಇದುವರೆಗೆ ಯೋಚನೆ ಮಾಡುವ ಸರದಿ ನಮ್ಮದಾಗಿತ್ತು, ಈಗ ಅವನದು. ಮನೆ ಯುಗಾದಿಯ ಹೊತ್ತಿಗೆ ಖಾಲಿಯಾಗುತ್ತದೆ.